ಹೊಸ ದುಪ್ಪಟಿಗೆ ಮೊದಲ ನೀರು

ಸೀರೆಯ ಫಾಲನ್ನು ನೀರಿಗೆ ಹಾಕದೆ ಹೊಲಿಯುವ ಹೆಂಗಸು ಕೋಲಾರದಲ್ಲಿ ಹುಡುಕಿದರೂ ಸಿಗುವುದಿಲ್ಲ. ರವಿಕೆಯ ಲೈನಿಂಗ್ ಬಟ್ಟೆಯೂ ಅಷ್ಟೇ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಜಾಲಾಡಿಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಉಜ್ಜಿದ ಮೇಲೆಯೇ ಅದು ಟೈಲರ್ ಕೈಗೆ ಹೋಗುವುದು. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೆ ಫಾಲು ಕುಗ್ಗಿ, ಸೀರೆಯ ಅಂಚು ಸುರುಟಿಕೊಂಡು, ನೆರಿಗೆ ನಿಲ್ಲದೆ ಹೋಗುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಷ್ಟೆಲ್ಲ ತಿಳಿದವರ ಮನೆಗೇ ಹೊಸ ಬೆಡ್‌ಶೀಟು ಬಂದರೆ ಪ್ಲಾಸ್ಟಿಕ್ ಕವರು ಹರಿದು, ಮಡಿಕೆ ಬಿಡಿಸಿ, ನೇರವಾಗಿ ಹಾಸಿಗೆಯ ಮೇಲೆ ಹಾಸುತ್ತಾರೆ. ಹೊಸ ಟವಲ್ಲು ನೇರವಾಗಿ ಬಚ್ಚಲುಮನೆಯ ಗೂಟಕ್ಕೆ ಹೋಗುತ್ತದೆ. ಪುಡಿಗಾಸಿನ ಫಾಲಿಗೆ ಸಿಗುವ ಮರ್ಯಾದೆ ರಾತ್ರಿಯೆಲ್ಲ ಮೈಗೆ ತಾಗಿಕೊಂಡಿರುವ ದುಪ್ಪಟಿಗೆ ಯಾಕೆ ಸಿಗುವುದಿಲ್ಲ?

ಈ ಪ್ರಶ್ನೆಯನ್ನು ಪಕ್ಕದ ಮನೆಯ ಅಕ್ಕನನ್ನು ಕಾಂಪೌಂಡ್ ಗೋಡೆಯ ಮೇಲಿಂದಲೇ ಕೇಳಿದೆ. ಅವರ ಮಗಳನ್ನು ಮಾಲೂರಿಗೆ ಕೊಟ್ಟಿದೆ, ಈಗ ಬಾಣಂತನಕ್ಕೆ ಬರುವವಳಿದ್ದಾಳೆ. ಅಕ್ಕ ಒಂದು ವಾರದಿಂದ ಅದೇ ಸಡಗರದಲ್ಲಿದ್ದಾರೆ. ಬೈಕಿನ ಹಿಂದೆ ಗಂಟು ಕಟ್ಟಿಕೊಂಡು ಬರುವ ಈರೋಡಿನ ಬಟ್ಟೆಯವನ ಹತ್ತಿರ ಬೆಡ್‌ಶೀಟು, ದಿಂಬಿನ ಕವರು, ಟವಲ್ಲು, ಮಗುವಿಗೆಂದು ಮೆತ್ತನೆಯ ಬಟ್ಟೆ ಎಲ್ಲ ಕೊಂಡು, ಗೋಡೆಯ ಮೇಲೆ ಒಂದೊಂದಾಗಿ ಇಟ್ಟು ನನಗೆ ತೋರಿಸುತ್ತಿದ್ದರು.

“ಅಕ್ಕಾ, ಇದನ್ನೆಲ್ಲಾ ನೀರಿಗೆ ಹಾಕಿದ್ರಾ?”

“ಹೊಸಾದು ಕಣಮ್ಮಾ! ಹೊಸಾದನ್ನ ಯಾರಾದ್ರೂ ಒಗೀತಾರಾ? ಒಗುದ್ರೆ ಈ ಹೊಳಪೆಲ್ಲಾ ಹೊರಟೋಗುತ್ತೆ.”

ಆ ಹೊಳಪೇ ಮಾತಿಗೆ ಮೂಲವಾಯಿತು. ಅಂಗಡಿಯಿಂದ ಬಂದ ಬಟ್ಟೆಯ ಬಿಗಿ, ಸಳಸಳ ಸದ್ದು, ಮೇಲಿನ ನುಣುಪು ಎಲ್ಲವೂ ಹತ್ತಿಯದಲ್ಲ, ಬಹುಪಾಲು ಗಂಜಿಯದು. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ಹಾಸಿನ ನೂಲು ಲಾಳಿಯ ಏಟಿಗೂ ಹಣಿಗೆಯ ಉಜ್ಜಾಟಕ್ಕೂ ತಡೆಯಬೇಕು. ಬರಿಯ ನೂಲು ತಡೆಯುವುದಿಲ್ಲ, ಎದ್ದ ಎಳೆಗಳು ಒಂದಕ್ಕೊಂದು ಸಿಕ್ಕಿ ತುಂಡಾಗುತ್ತವೆ. ಅದಕ್ಕೇ ನೇಯುವ ಮುಂಚೆ ನೂಲಿಗೆ ಗಂಜಿ ಉಣಿಸುತ್ತಾರೆ. ಕೈಮಗ್ಗದವರು ಅಕ್ಕಿಯ ಗಂಜಿ, ರಾಗಿಯ ಗಂಜಿ ಹಾಕುತ್ತಿದ್ದರು. ಈಗಿನ ಪವರ್‌ಲೂಮಿನವರು ಮುಸುಕಿನ ಜೋಳದ ಪಿಷ್ಟ, ಮರಗೆಣಸಿನ ಪಿಷ್ಟದ ಜೊತೆಗೆ ಪಾಲಿವಿನೈಲ್ ಆಲ್ಕೋಹಾಲ್ ಎಂಬ ಅಂಟನ್ನೂ ಬೆರೆಸುತ್ತಾರೆ. ನೇಯ್ದ ಮೇಲೆ ದೊಡ್ಡ ಮಿಲ್ಲುಗಳಲ್ಲಿ ಇದನ್ನು ತೊಳೆದು ತೆಗೆಯುತ್ತಾರೆ, ಆಮೇಲೆ ನೋಟಕ್ಕೆಂದು ಇನ್ನೊಂದು ಲೇಪ ಹಚ್ಚಿ ಬಿಸಿ ರೋಲರಿನ ಕೆಳಗೆ ಒತ್ತುತ್ತಾರೆ. ಅಗ್ಗದ ಬಟ್ಟೆಯಲ್ಲಂತೂ ತೆಳ್ಳಗಿನ ನೇಯ್ಗೆಯನ್ನು ಮುಚ್ಚಿಡುವುದಕ್ಕೇ ಗಂಜಿ ಮೆತ್ತಿರುತ್ತಾರೆ.

ಅಕ್ಕ ನಂಬಲಿಲ್ಲ. ಒಳಗೆ ಹೋಗಿ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಸೀಸೆ ತಂದೆ. ಬೆಡ್‌ಶೀಟಿನ ಅಂಚಿನಿಂದ ಎರಡು ಎಳೆ ಕಿತ್ತು ಒಂದು ತಟ್ಟೆಯಲ್ಲಿಟ್ಟು ಒಂದು ಹನಿ ಬಿಟ್ಟೆವು. ಕಂದು ಬಣ್ಣದ ಹನಿ ತಾಗಿದಲ್ಲೆಲ್ಲ ಎಳೆ ಕಪ್ಪುನೀಲಿಗೆ ತಿರುಗಿತು. ಪಕ್ಕದಲ್ಲಿ ಅಕ್ಕನ ಹಳೆಯ ಸೀರೆಯ ಎಳೆಗೂ ಬಿಟ್ಟೆವು, ಅದು ಬರೀ ಹಳದಿಯಾಗಿ ಉಳಿಯಿತು. ಹೈಸ್ಕೂಲಿನಲ್ಲಿ ಆಲೂಗಡ್ಡೆಯ ಮೇಲೆ ಎಲ್ಲರೂ ಮಾಡಿ ನೋಡಿದ ಪರೀಕ್ಷೆಯೇ ಇದು. ಪಿಷ್ಟ ಎಲ್ಲಿದ್ದರೂ ಅಯೋಡಿನ್ ಹೇಳಿಬಿಡುತ್ತದೆ.

ಈ ಗಂಜಿಯನ್ನು ಬಿಡಿಸುವುದಕ್ಕೆ ಸೋಪು ಬೇಕಾಗಿಲ್ಲ, ಪುರುಸೊತ್ತು ಬೇಕು. ಬಟ್ಟೆಯ ಮಡಿಕೆ ಪೂರ್ತಿ ಬಿಡಿಸಿ, ಅಗಲವಾದ ಟಬ್ಬಿನಲ್ಲಿ ಮುಳುಗುವಷ್ಟು ತಣ್ಣೀರು ಹಾಕಿ, ಗಾಳಿಗುಳ್ಳೆ ಹೋಗುವ ತನಕ ಒತ್ತಿ ಬಿಡಬೇಕು. ಸಂಜೆ ಹಾಕಿದರೆ ಬೆಳಿಗ್ಗೆ ನೋಡಿ: ನೀರು ತೆಳು ಹಳದಿಗೆ ತಿರುಗಿ, ಅಂಚಿನಲ್ಲಿ ಸಣ್ಣ ನೊರೆ ಕಟ್ಟಿರುತ್ತದೆ. ಬಟ್ಟೆಯನ್ನು ಎರಡು ಬೆರಳ ಮಧ್ಯೆ ಉಜ್ಜಿದರೆ ಜಾರುತ್ತದೆ. ಮೂಗಿಗೆ ಹುಳಿ ವಾಸನೆ, ಅನ್ನ ಬಸಿದಿಟ್ಟ ಗಂಜಿಯದೇ ವಾಸನೆ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ರಾತ್ರಿಯೆಲ್ಲ ಪಿಷ್ಟವನ್ನು ಕರಗಿಸಿರುತ್ತವೆ. ಕಿಣ್ವದ ಪುಡಿ ಬರುವುದಕ್ಕೆ ಮುಂಚೆ ಬಟ್ಟೆಯ ಕಾರ್ಖಾನೆಗಳೂ ಹೀಗೇ ತೊಟ್ಟಿಯಲ್ಲಿ ಕೊಳೆಹಾಕಿ ಗಂಜಿ ಬಿಡಿಸುತ್ತಿದ್ದವು. ಒಂದು ರಾತ್ರಿ ಸಾಕು. ಎರಡನೇ ದಿನಕ್ಕೂ ಬಿಟ್ಟರೆ ಬಟ್ಟೆಗೆ ಬೂಷ್ಟು ಹಿಡಿದು ಕರಿಚುಕ್ಕೆ ಬೀಳುತ್ತದೆ, ಅದು ಜನ್ಮಕ್ಕೂ ಹೋಗುವುದಿಲ್ಲ. ಆ ನೀರು ಚೆಲ್ಲಿ, ಎರಡು ಸಲ ಜಾಲಾಡಿಸಿ, ಆಮೇಲೆ ಸೋಪಿನ ಮಾತು. ಬಿಳಿ ಬಟ್ಟೆಗೂ ಕೋರಾ ಬಟ್ಟೆಗೂ ಈ ಹಂತದಲ್ಲಿ ಬಿಸಿನೀರು ಒಳ್ಳೆಯದು, ಉಳಿದ ಅಂಟು ಬಿಸಿಗೆ ಬಿಡುತ್ತದೆ, ಕುಗ್ಗುವುದೂ ಬಹುಪಾಲು ಒಂದೇ ಸಲಕ್ಕೆ ಮುಗಿಯುತ್ತದೆ. ಮೀಟರ್ ಲೆಕ್ಕದಲ್ಲಿ ಬಟ್ಟೆ ತಂದು ದಿಂಬಿನ ಕವರು, ಕಿಟಕಿ ಪರದೆ ಹೊಲಿಸುವವರು ಇದನ್ನೆಲ್ಲ ಮುಗಿಸಿಯೇ ಟೈಲರ್‌ಗೆ ಅಳತೆ ಕೊಡಬೇಕು.

“ಅಲ್ಲಮ್ಮಾ, ಒಗೆದ ಮೇಲೆ ಅದು ಹೊಸ ಬಟ್ಟೆ ಹೆಂಗಾಯ್ತು? ದೇವರ ಮುಂದೆ ಇಡೋದು ನೀರು ಕಾಣದ ಬಟ್ಟೇನೇ ಅಲ್ವಾ?” ಅಕ್ಕ ಬಿಡಲಿಲ್ಲ.

ಇದು ಗೌರವದಿಂದ ಉತ್ತರ ಕೊಡಬೇಕಾದ ಪ್ರಶ್ನೆ. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಕುಂಕುಮ ತಾಗಿಸಿ ದೇವರ ಮುಂದಿಟ್ಟು ತೆಗೆದುಕೊಳ್ಳುವುದು ನಮ್ಮ ಮನೆಯಲ್ಲೂ ನಡೆದುಬಂದದ್ದು, ನಾನು ಅದನ್ನು ಬಿಟ್ಟಿಲ್ಲ. ಅದನ್ನು ಮಾಡಿ, ಆಮೇಲೆ ನೀರಿಗೆ ಹಾಕಿದರೆ ಯಾವ ದೋಷವೂ ಇಲ್ಲ. ಧರ್ಮಶಾಸ್ತ್ರಗಳು ಕರ್ಮಗಳಿಗೆ ಯೋಗ್ಯವೆಂದು ಹೇಳುವ ಅಹತ ವಸ್ತ್ರದ ಲಕ್ಷಣದಲ್ಲಿಯೇ ಹೊಸದಾಗಿರಬೇಕು, ಬಿಳಿಯದಾಗಿರಬೇಕು, ಯಾರೂ ಉಟ್ಟಿರಬಾರದು ಎನ್ನುವುದರ ಜೊತೆಗೆ, ಸ್ವಲ್ಪ ತೊಳೆದಿರಬೇಕು ಎಂಬ ಮಾತೂ ಇದೆ. ಇದನ್ನು ಹೇಳಿದಾಗ ಅಕ್ಕನ ಮುಖ ಸ್ವಲ್ಪ ಸಡಿಲವಾಯಿತು. ಮುಳಬಾಗಿಲಿನಲ್ಲಿರುವ ಅವರ ಅತ್ತೆ ಮಡಿ ಮೈಲಿಗೆಯಲ್ಲಿ ಬಹಳ ಕಟ್ಟುನಿಟ್ಟು, ಅವರಿಗೂ ಫೋನಿನಲ್ಲಿ ಈ ಮಾತು ತಲುಪಿತು ಎಂದು ಆಮೇಲೆ ತಿಳಿಯಿತು.

ಆದರೆ ನೀರಿಗೆ ಹಾಕಿ ಎಂದು ಕೋಲಾರದವರಿಗೆ ಹೇಳುವಾಗ ಯಾವ ನೀರು ಎಂದೂ ಹೇಳಬೇಕು. ನನ್ನ ಮಾತಿನ ತಿರುಳು ಇರುವುದೇ ಇಲ್ಲಿ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ಲೇ ನಮಗೆ ಗಂಗೆ. ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ಆ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹೊತ್ತು ಮೇಲೆ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಸರಿ ಎನ್ನುತ್ತದೆ, ಬೇರೆ ಗತಿಯಿಲ್ಲದಿದ್ದರೆ 600ರ ತನಕ ಒಪ್ಪುತ್ತದೆ. ನಿಮ್ಮ ನಲ್ಲಿಯ ನೀರು ಎಲ್ಲಿದೆ ಎಂದು ತಿಳಿಯಲು ಲ್ಯಾಬು ಬೇಡ. ಬೇಳೆ ಬೇಗ ಬೇಯುವುದಿಲ್ಲವೇ, ಸ್ನಾನದ ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತದೆಯೇ, ಗೀಸರಿನ ಕಾಯಿಲ್ ವರ್ಷಕ್ಕೊಮ್ಮೆ ಹೋಗುತ್ತದೆಯೇ, ಹಾಗಾದರೆ ನೀರು ಗಡಸು. ಅಂಥ ನೀರಿನಲ್ಲಿ ಬಾರ್ ಸೋಪು ಹಾಕಿ ಉಜ್ಜಿದರೆ ನೊರೆ ಬರುವ ಮುಂಚೆ ಜಿಡ್ಡು ಬರುತ್ತದೆ. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಮಡ್ಡಿಯಾಗಿ ನೂಲಿನ ಸಂದಿಯಲ್ಲಿ ಕೂರುತ್ತದೆ. ಮೇಲೆ ಗಂಜಿಯೂ ಅರ್ಧ ಉಳಿದಿದ್ದರೆ ಕೇಳುವುದೇ ಬೇಡ. ಬಿಳಿ ದುಪ್ಪಟಿ ನಾಲ್ಕೇ ಒಗೆತಕ್ಕೆ ಬೂದುಬಣ್ಣಕ್ಕೆ ತಿರುಗಿ, ಒಣಗಿದಾಗ ಹಪ್ಪಳದ ಹಾಗೆ ನಿಲ್ಲುವುದು ಇದಕ್ಕೇ.

ಅಜ್ಜಿಯಂದಿರ ಕಾಲದ ಪಂಚೆ, ದುಪ್ಪಟಿಗಳು ಅಷ್ಟು ಬೆಳ್ಳಗೆ, ಅಷ್ಟು ಮೆತ್ತಗೆ ಹೇಗಿದ್ದವು ಎಂದು ಅಕ್ಕ ಕೇಳಿದರು. ಅವರ ತವರು ಶ್ರೀನಿವಾಸಪುರದ ಕಡೆಯ ಹಳ್ಳಿ. “ನಮ್ಮಜ್ಜಿ ಮನೇಲಿ ಯಾವ ಪೌಡರ್ ಇತ್ತು ಹೇಳು?” ಪೌಡರ್ ಇರಲಿಲ್ಲ, ಕೆರೆ ಇತ್ತು. ಕೆರೆಯ ನೀರು ಮಳೆಯ ನೀರು, ಮೃದು. ಸಾವಿರಾರು ಕೆರೆಗಳ ಸೀಮೆ ನಮ್ಮದು, ಒಂದೊಂದು ಕೆರೆಯ ಅಂಗಳದಲ್ಲೂ ಬಟ್ಟೆ ಒಗೆಯುವ ಬಂಡೆಗಳಿದ್ದವು. ಮಡಿವಾಳರು ಮನೆಮನೆಯ ಬಟ್ಟೆ ಗಂಟು ಕಟ್ಟಿಕೊಂಡು ಹೋಗಿ, ಚೌಳುಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಯ ಮೇಲೆ ಒಟ್ಟಿ, ಕೆಳಗೆ ಬೆಂಕಿ ಹಾಕಿ ಆವಿಯಲ್ಲಿ ಬೇಯಿಸುತ್ತಿದ್ದರು. ಚೌಳುಮಣ್ಣಿನಲ್ಲಿರುವುದು ಸೋಡಾ. ಸೋಡಾದ ಬಿಸಿ ಆವಿ ಹತ್ತಿಯ ಒಳಗಿನ ಎಣ್ಣೆ, ಮೇಣ, ಗಂಜಿ ಎಲ್ಲವನ್ನೂ ಸಡಿಲಿಸುತ್ತದೆ. ಬೆಳಿಗ್ಗೆ ಕೆರೆಯ ಮೃದು ನೀರಿನಲ್ಲಿ ಬಂಡೆಗೆ ಬಡಿದರೆ ಕೋರಾ ಬಟ್ಟೆಯೂ ಬೆಳ್ಳಗಾಗುತ್ತಿತ್ತು. ಯಾವ ಮನೆಯ ಬಟ್ಟೆ ಎಂದು ಗೊತ್ತಾಗಲು ಮೂಲೆಯಲ್ಲಿ ಕರಿಗೇರಿನ ರಸದ ಗುರುತು ಹಾಕುತ್ತಿದ್ದರು, ಅದು ಬಟ್ಟೆ ಹರಿದರೂ ಅಳಿಯುತ್ತಿರಲಿಲ್ಲ. ಆ ರಸ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ಅದನ್ನು ಕೈಯಲ್ಲಿ ಹಿಡಿದೇ ಅವರು ಊರಿನ ಲೆಕ್ಕ ಇಟ್ಟರು. ಹನ್ನೆರಡನೇ ಶತಮಾನದಲ್ಲಿ ಶರಣರ ಬಟ್ಟೆ ಒಗೆಯುತ್ತಿದ್ದ ಮಡಿವಾಳ ಮಾಚಿದೇವರನ್ನು ನಾವು ನೆನೆಯುತ್ತೇವೆ, ಅವರ ಕಸುಬಿನವರಿಗೆ ಎಷ್ಟು ವಿದ್ಯೆ ಗೊತ್ತಿತ್ತು ಎನ್ನುವುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ.

ಈಗ ಕೆರೆಗಳಲ್ಲಿ ಮತ್ತೆ ನೀರು ಕಾಣುತ್ತಿದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಹರಿದ ದಿನ ಜನ ಪೂಜೆ ಮಾಡಿದರು, ತಪ್ಪೇನಲ್ಲ. ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು, ಅಂತರ್ಜಲ ಏರಲಿ ಎಂದು ಬಿಟ್ಟದ್ದು. ಬಟ್ಟೆಗೆ ಅದನ್ನು ನೆಚ್ಚುವಂತಿಲ್ಲ.

“ಹಂಗಾದ್ರೆ ಫಿಲ್ಟರ್ ನೀರು ಕ್ಯಾನು ತಂದು ಒಗೀಲಾ?” ಎಂದರು ಅಕ್ಕ. ಬೇಡವೇ ಬೇಡ. ಇಂಥ ಬರದ ಸೀಮೆಯಲ್ಲಿ ಕುಡಿಯುವ ನೀರಿನಲ್ಲಿ ಬಟ್ಟೆ ಒಗೆಯುವುದು ನನಗೆ ಒಪ್ಪಿಗೆಯಿಲ್ಲ. ಬೋರ್ ನೀರೇ ಗತಿಯಾದರೆ ಒಂದು ಬಕೆಟ್ಟಿಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ ಹಾಕಿ ಕರಗಿಸಿ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಸೋಪು ಹಾಕಿ. ಸೋಡಾ ಕ್ಯಾಲ್ಸಿಯಂ ಅನ್ನು ತಾನೇ ಹಿಡಿದು ಕೆಳಗೆ ಕೂರಿಸುತ್ತದೆ, ಸೋಪಿಗೆ ತನ್ನ ಕೆಲಸ ಮಾಡಲು ಬಿಡುತ್ತದೆ. ಇದು ಹತ್ತಿ ಬಟ್ಟೆಗೆ ಮಾತ್ರ. ರೇಷ್ಮೆಗೆ, ಉಣ್ಣೆಗೆ ಸೋಡಾ ತಾಗಿಸಲೇಬಾರದು, ಅವಕ್ಕೆ ಅಂಟುವಾಳಕಾಯಿಯೇ ಸರಿ. ಗಡಸು ನೀರಿನಲ್ಲೂ ಅಂಟುವಾಳದ ನೊರೆ ಮಡ್ಡಿ ಕಟ್ಟುವುದಿಲ್ಲ.

ಟವಲ್ಲಿನ ಕಥೆ ಬೇರೆ. ಹೊಸ ಟವಲ್ಲು ಮುಟ್ಟಲು ಬಹಳ ಮೆತ್ತಗೆ, ಆದರೆ ಮೈ ಒರೆಸಿದರೆ ನೀರು ಎಳೆಯುವುದಿಲ್ಲ, ಆಚೆಯಿಂದ ಈಚೆಗೆ ಸವರುತ್ತದೆ ಅಷ್ಟೇ. ಒಂದು ಹನಿ ನೀರು ಬಿಟ್ಟು ನೋಡಿ, ಕೆಸುವಿನ ಎಲೆಯ ಮೇಲಿದ್ದಂತೆ ಉರುಳಾಡುತ್ತದೆ. ಅಂಗಡಿಯಲ್ಲಿ ಕೈಗೆ ಹಿತವಾಗಲಿ ಎಂದು ಹಚ್ಚಿದ ಸಿಲಿಕೋನ್ ಲೇಪ ಅದು. ಬಿಸಿನೀರಿನಲ್ಲಿ ಎರಡು ಮೂರು ಸಲ, ಅರ್ಧ ಪ್ರಮಾಣದ ಪೌಡರಿನಲ್ಲಿ ಒಗೆದರೆ ಬಹುಪಾಲು ಹೋಗುತ್ತದೆ. ಕೊನೆಯ ನೀರಿಗೆ ಘಮಘಮ ಅನ್ನುವ ಕಂಡೀಷನರ್ ಸುರಿಯಬೇಡಿ, ಸುರಿದರೆ ಹೋದ ಲೇಪವನ್ನು ನೀವೇ ಮತ್ತೆ ಹಚ್ಚಿದಂತಾಗುತ್ತದೆ. ಮೊದಲೆರಡು ಸಲ ಟವಲ್ಲನ್ನು ಬೇರೆಯಾಗಿಯೇ ಒಗೆಯಬೇಕು, ಅದರ ಜುಂಗು ಕಪ್ಪು ಪ್ಯಾಂಟಿಗೆ ಹಿಡಿದರೆ ಬಿಡಿಸುವುದು ಕಷ್ಟ.

ಬಣ್ಣದ ಬೆಡ್‌ಶೀಟಿಗೆ ಹಿಡಿ ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಅಕ್ಕನೂ ಹೇಳಿದರು, ಎಲ್ಲರೂ ಹೇಳುತ್ತಾರೆ. ಬಣ್ಣ ಹಾಕುವವರು ಉಪ್ಪು ಬಳಸುವುದು ನಿಜ. ಬಣ್ಣದ ತೊಟ್ಟಿಯಲ್ಲಿ ಉಪ್ಪು ಇದ್ದರೆ ಹತ್ತಿ ಬಣ್ಣವನ್ನು ಚೆನ್ನಾಗಿ ಕುಡಿಯುತ್ತದೆ. ಆದರೆ ಬಣ್ಣ ಹಾಕಿ ಮುಗಿದು ಮನೆಗೆ ಬಂದ ಬಟ್ಟೆಯಲ್ಲಿ ಹಿಡಿಯದೆ ಉಳಿದ ಬಣ್ಣವನ್ನು ಬಕೆಟ್ಟಿನ ಉಪ್ಪು ಕಟ್ಟಿಹಾಕಲಾರದು. ಇವತ್ತು ತಡೆದದ್ದು ಮುಂದಿನ ಒಗೆತಕ್ಕೆ ಬಿಡುತ್ತದೆ. ನನ್ನ ಮಟ್ಟಿಗೆ ಆ ಬೆಡ್‌ಶೀಟನ್ನು ತಣ್ಣೀರಿನಲ್ಲಿ ಬೇರೆಯಾಗಿ ಒಗೆದು, ಬಿಡುವ ಬಣ್ಣವನ್ನು ಬಿಟ್ಟುಹೋಗಲು ಬಿಡುವುದೇ ಲೇಸು. ಒದ್ದೆ ಬಿಳಿ ಕರ್ಚೀಫನ್ನು ಬಟ್ಟೆಯ ಮೂಲೆಗೆ ಒತ್ತಿ ಹಿಡಿದು ನೋಡಿ, ಬಣ್ಣ ಅಂಟದಿದ್ದ ದಿನ ಬೇರೆ ಬಟ್ಟೆಯ ಜೊತೆ ಸೇರಿಸಬಹುದು.

ಮಗುವಿನ ಬಟ್ಟೆಯ ಮಾತು ಬಂದಾಗ ನಾನು ಹಟ ಹಿಡಿದೆ, ಹಿಡಿದದ್ದು ಸರಿಯೆಂದೇ ಈಗಲೂ ನನ್ನ ನಂಬಿಕೆ. ಸುಕ್ಕು ಬೀಳದಿರಲಿ ಎಂದು ಬಟ್ಟೆಗೆ ಹಾಕುವ ಕೆಲವು ರಾಳಗಳಿಂದ ಫಾರ್ಮಾಲ್ಡಿಹೈಡ್ ಬಿಡುಗಡೆಯಾಗುತ್ತದೆ. ದೊಡ್ಡವರಲ್ಲೂ ಕೆಲವರಿಗೆ ಅದರಿಂದ ತುರಿಕೆ, ದದ್ದು ಬರುತ್ತದೆ. ಜಪಾನ್ 1973ರಲ್ಲಿ ತಂದ ಕಾನೂನಿನ ಕೆಳಗೆ ಎರಡು ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ಅದು ಪರೀಕ್ಷೆಗೆ ಸಿಗುವಷ್ಟೂ ಇರಕೂಡದು ಎಂದು ನಿಯಮವಿದೆ. ನೀರಿನಲ್ಲಿ ಕರಗುವ ವಸ್ತು ಅದು, ಒಗೆದರೆ ಬಹಳಷ್ಟು ಹೋಗುತ್ತದೆ. ನಮ್ಮ ಹಿರಿಯರು ಈ ಹೆಸರೊಂದೂ ಕೇಳದೆಯೇ ಹಸುಗೂಸಿಗೆ ಹೊಸ ಬಟ್ಟೆ ಹಾಕುತ್ತಿರಲಿಲ್ಲ. ಹತ್ತಾರು ವರ್ಷ ಒಗೆದು ಮೆತ್ತಗಾದ ಹಳೆಯ ಸೀರೆ, ಪಂಚೆಯಲ್ಲಿಯೇ ಸುತ್ತುತ್ತಿದ್ದರು, ಹಳೆಯ ಸೀರೆ ಮಡಿಸಿ ಹೊಲಿದ ಬೊಂತೆಯ ಮೇಲೆ ಮಲಗಿಸುತ್ತಿದ್ದರು. ಅದಕ್ಕಿಂತ ಒಳ್ಳೆಯ ಬಟ್ಟೆ ಇವತ್ತಿಗೂ ಯಾವ ಅಂಗಡಿಯಲ್ಲೂ ಇಲ್ಲ.

ಆದರೆ ಹಳೆಯ ಸೀರೆ ಎಲ್ಲಿಂದ ತೆಗೆಯುತ್ತೀರಿ? ಟ್ರಂಕಿನಿಂದ, ಬೀರುವಿನಿಂದ. ಅಲ್ಲಿ ಏನಿರುತ್ತದೆ? ನುಸಿಗುಳಿಗೆ. ಇದನ್ನು ಅಕ್ಕನಿಗೆ ಎರಡು ಸಲ ಹೇಳಿದೆ, ಇಲ್ಲೂ ಹೇಳುತ್ತೇನೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟುವ ಮಕ್ಕಳಿದ್ದಾರೆ, ಹುಟ್ಟಿದಾಗ ನೋಡಿದರೆ ಗೊತ್ತಾಗುವುದಿಲ್ಲ. ನ್ಯಾಫ್ತಲಿನ್ ಗುಳಿಗೆಯ ಜೊತೆ ಇಟ್ಟ ಬಟ್ಟೆಯನ್ನು ಅಂಥ ಮಗುವಿಗೆ ಸುತ್ತಿದರೆ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಜೋರಾಗಬಹುದು, ಜೀವಕ್ಕೂ ಅಪಾಯವಾಗಬಹುದು. ಒಂದು ಸಲ ಒಗೆದರೆ ಆ ವಾಸನೆ ಪೂರ್ತಿ ಹೋಗುವುದಿಲ್ಲ. ಬಿಸಿನೀರಿನಲ್ಲಿ ಒಗೆದು, ವಾಸನೆ ಒಂದಿಷ್ಟೂ ಉಳಿಯದ ತನಕ ದಿನದಿನವೂ ಬಿಸಿಲಿಗೆ, ಗಾಳಿಗೆ ಹರವಬೇಕು. ಹೆರಿಗೆಗೆ ಒಂದು ತಿಂಗಳು ಇರುವಾಗಲೇ ಈ ಕೆಲಸ ಶುರುಮಾಡಿದರೆ ಒಳ್ಳೆಯದು. ಮಗು ಮನೆಗೆ ಬಂದ ಮೇಲೆ ಆ ಬೀರುವಿನಲ್ಲಿ ಗುಳಿಗೆ ಇಡಲೇಬೇಡಿ, ಒಣಗಿದ ಬೇವಿನ ಸೊಪ್ಪು ಸಾಕು. ಗಂಜಿ ತೆಗೆದ ಬಟ್ಟೆಗೆ ಜಿರಲೆಯ ಕಾಟವೂ ಕಡಿಮೆ, ಅವು ಬರುವುದೇ ಪಿಷ್ಟದ ಆಸೆಗೆ. ಮದುವೆಗೆ ಬಂದ ಬೆಡ್‌ಶೀಟುಗಳನ್ನು ಕವರಿನಲ್ಲೇ ವರ್ಷಗಟ್ಟಲೆ ಇಟ್ಟವರ ಮನೆಯಲ್ಲಿ ಮಡಿಕೆಯ ಸಾಲಿಗೇ ತೂತು ಬಿದ್ದಿರುವುದನ್ನು ನೋಡಿದ್ದೇನೆ.

ಒಣಗಿಸುವ ಮಾತು ಚಿಕ್ಕದು. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿನ ಗೂಡುಗಳ ಹತ್ತಿರ ಮನೆಯಿದ್ದವರು ಬಿಳಿ ಬಟ್ಟೆಯನ್ನು ಗಾಳಿ ಏಳುವ ಮುಂಚೆ, ಬೆಳಿಗ್ಗೆಯೇ ಹರವಿ ತೆಗೆಯಬೇಕು, ಒದ್ದೆ ಬಟ್ಟೆಗೆ ಕೆಂಧೂಳು ಕೂತರೆ ಏಳುವುದಿಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಕಾಲದಲ್ಲಿ ಹೊಸ ಟವಲ್ಲು ಯಾರ ಹೆಗಲಿಗೂ ಕೊಡಬೇಡಿ. ತೋತಾಪುರಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ ಒಂದು ಹನಿ ತಾಗಿದರೂ ಕಪ್ಪು ಕರೆ ಶಾಶ್ವತ. “ಅದು ನಂಗೆ ನೀನು ಹೇಳ್ಬೇಕಾ?” ಎಂದು ಅಕ್ಕ ನಕ್ಕರು. ಮಾವಿನ ತೋಪಿನಲ್ಲಿ ಬೆಳೆದವರು ಅವರು.

ಕೊನೆಗೆ ಒಪ್ಪಿದರು. ಬಿಳಿ ಬಟ್ಟೆಯೆಲ್ಲ ರಾತ್ರಿ ಅವರ ಟಬ್ಬಿನಲ್ಲಿ ಮುಳುಗಿತು. ಬೆಳಿಗ್ಗೆ ಸೋಪು ಸೋಡಾ ತಾಗದ ಆ ಗಂಜಿ ನೀರನ್ನು ತೆಂಗಿನ ಬುಡಕ್ಕೆ ಹಾಕಿದರು. ನಮ್ಮ ಕಡೆಯವರಿಗೆ ಒಂದು ಬಕೆಟ್ ನೀರನ್ನು ಮೋರಿಗೆ ಚೆಲ್ಲುವುದಕ್ಕೆ ಕೈ ಬರುವುದಿಲ್ಲ.

ಈಗ ಓದುವವರಲ್ಲಿ ಒಂದು ಕೋರಿಕೆ. ಸಾವಿರ ಚದರಡಿಯ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 900 ಲೀಟರ್ ನೀರು ಕೊಳವೆಯಲ್ಲಿ ಇಳಿದು ಮೋರಿಗೆ ಹೋಗುತ್ತದೆ. ಅದರಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ, ನಮ್ಮ ಅಜ್ಜಿಯರ ಕೆರೆಯ ನೀರೇ ಅದು. ಮನೆಯಲ್ಲಿ ಮದುವೆಯೋ ಬಾಣಂತನವೋ ಇದ್ದು ಹೊಸ ಬಟ್ಟೆ ಬರುವುದಿದ್ದರೆ, ಮುಂದಿನ ಮಳೆಗೆ ಕೊಳವೆಯ ಕೆಳಗೆ ಒಂದು ಡ್ರಮ್ಮು ಇಡಿ. ಮೊದಲು ಇಳಿಯುವ ಕೊಳೆನೀರು ಹೋಗಲು ಬಿಡಿ, ಆಮೇಲಿನದನ್ನು ಹಿಡಿದು, ಸೊಳ್ಳೆ ಹೋಗದಂತೆ ಬಾಯಿಗೆ ಬಟ್ಟೆ ಕಟ್ಟಿ, ವಾರದೊಳಗೆ ಬಳಸಿ. ಹೊಸ ದುಪ್ಪಟಿಯ ಮೊದಲ ನೀರು ಆ ಡ್ರಮ್ಮಿನದಾಗಲಿ.